ಒಬ್ಬಳೇ ಕೂರುವ ಗಾಡಿ

ಮಧುವನಹಳ್ಳಿಯ ಶಿವರತ್ನಮ್ಮನಿಗೆ ಕಾಲಿಲ್ಲ ಎಂದು ಊರಿನವರು ಹೇಳುತ್ತಿದ್ದುದು ತಪ್ಪು. ಎರಡು ಕಾಲೂ ಇದ್ದವು. ಮೂರನೆಯ ವರ್ಷದಲ್ಲಿ ಬಂದ ಜ್ವರವೊಂದು ಅವುಗಳ ಬಲವನ್ನು ತೆಗೆದುಕೊಂಡು ಹೋಗಿತ್ತು, ಅಷ್ಟೆ. ಸೊಂಟದಿಂದ ಮೇಲೆ ಅವಳು ಎಲ್ಲರಂತೆಯೇ ಬೆಳೆದಳು. ಕೈಗಳಂತೂ ನೆಲಕ್ಕೆ ಊರಿ ಊರಿ ಗಂಡಸರ ಕೈಗಳಷ್ಟು ಗಟ್ಟಿಯಾದವು. ಒಲೆಯಿಂದ ಹೊಸಿಲಿಗೆ, ಹೊಸಿಲಿನಿಂದ ಜಗಲಿಗೆ ಆ ಕೈಗಳ ಮೇಲೆಯೇ ಅವಳ ಓಡಾಟ. ಮನೆಯವರಿಗೆ ಅವಳು ರತ್ನಿ.

ಅಪ್ಪ ಕೆಂಪನಂಜಪ್ಪ ಕೊಳ್ಳೇಗಾಲದ ಒಂದು ಬಸ್ ಶೆಡ್ಡಿನಲ್ಲಿ ಫಿಟ್ಟರ್. ಊರಲ್ಲಿ ಎರಡು ಎಕರೆ ಹಿಪ್ಪುನೇರಳೆ ತೋಟವೂ ಇತ್ತು. ಬೆಳಗ್ಗೆ ಎದ್ದು ರೇಷ್ಮೆಹುಳುವಿಗೆ ಸೊಪ್ಪು ಕೊಯ್ದು ಹಾಕಿ, ಮೂರೂವರೆ ಮೈಲಿ ಸೈಕಲ್ ತುಳಿದು ಶೆಡ್ಡಿಗೆ ಹೋಗುವ ಮನುಷ್ಯ. ಮಾತು ಕಡಿಮೆ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದಂತೂ ಇಲ್ಲವೇ ಇಲ್ಲ. ಸಂಜೆಯೊಳಗೆ ಬಸ್ಸು ಹೊರಡಿಸುತ್ತೇನೆ ಎಂದು ಯಜಮಾನರಿಗೆ ಹೇಳಿದ್ದ ಒಂದೇ ಕಾರಣಕ್ಕೆ, ರೇಡಿಯೇಟರಿನ ಕುದಿನೀರಿಗೆ ಬೆಂದ ಕೈಗೆ ಬಟ್ಟೆ ಸುತ್ತಿಕೊಂಡು ಕೆಲಸ ಮುಗಿಸಿ ಬಂದಿದ್ದ. ಊರಿನವರು ಇದನ್ನು ದೊಡ್ಡ ಗುಣ ಎನ್ನುತ್ತಿದ್ದರು. ದೊಡ್ಡ ಗುಣವೇ ಇರಬಹುದು. ಅದರ ಜೊತೆಗೆ ಒಂದೇ ಮನೆಯಲ್ಲಿ ಬದುಕುವವರಿಗೆ ಮಾತ್ರ ಅದರ ಭಾರ ಗೊತ್ತು.

ಮಗಳನ್ನು ಅವನು ಹೆಗಲ ಮೇಲೆ ಕೂರಿಸಿಕೊಂಡೇ ಊರ ಶಾಲೆಗೆ ಬಿಡುತ್ತಿದ್ದ, ಹೆಗಲ ಮೇಲೆಯೇ ಮಾದಪ್ಪನ ಬೆಟ್ಟ ಹತ್ತಿಸಿ ಇಳಿಸಿದ್ದ. ಹನ್ನೆರಡು ತುಂಬಿತು. ಬೆಳೆದ ಹುಡುಗಿಯನ್ನು ಹೀಗೆ ಹೊತ್ತು ತಿರುಗುವುದು ಚೆನ್ನಾಗಿ ಕಾಣುವುದಿಲ್ಲ ಎಂದು ಹಿರಿಯರು ಅವ್ವನ ಕಿವಿಗೆ ಹಾಕಿದರು. ಅವ್ವ ದೊಡ್ಡಬಸಮ್ಮ ಅಪ್ಪನ ಕಿವಿಗೆ ಹಾಕಿದಳು. ಊರ ಶಾಲೆಯೂ ಅಲ್ಲಿಗೆ ಮುಗಿದಿತ್ತು, ಮುಂದಿನ ಓದು ಕೊಳ್ಳೇಗಾಲದಲ್ಲಿ. ರತ್ನಿ ಜಗಲಿಯ ಮೇಲೆ ಕುಳಿತಳು. ಕುಳಿತು ಮೂರು ವರ್ಷ ಬತ್ತಿ ಹೊಸೆದಳು, ಹುಳುವಿನ ತಟ್ಟೆ ಬಳಿದಳು, ಮೊದಲೇ ಬಾಯಿಪಾಠವಾಗಿದ್ದ ಎಂಟನೇ ಕ್ಲಾಸಿನ ಪುಸ್ತಕವನ್ನು ಹರಿಯುವವರೆಗೂ ಓದಿದಳು. ಆ ಮೂರು ವರ್ಷದಲ್ಲಿ ಅಪ್ಪ ಜಗಲಿಯ ಮುಂದೆ ಹಾದುಹೋಗುವಾಗ ಅವಳ ಮುಖ ನೋಡುತ್ತಿರಲಿಲ್ಲ.

ಯುದ್ಧ ಮುಗಿದು ಮಿಲಿಟರಿಯವರ ಹಳೆಯ ಸಾಮಾನುಗಳೆಲ್ಲ ಹರಾಜಾದವು. ಶೆಡ್ಡಿನ ಯಜಮಾನರು ತಂದ ಲಾರಿಯೊಂದರ ಒಳಗೆ ಮುರಿದ ಮೋಟಾರ್ ಸೈಕಲ್ಲೂ ಬಿದ್ದಿತ್ತು. ಅದನ್ನು ತನಗೆ ಕೊಡಿ ಎಂದು ಕೆಂಪನಂಜಪ್ಪ ಕೇಳಿದ. ಅವನು ಜೀವಮಾನದಲ್ಲಿ ಯಾರನ್ನಾದರೂ ಏನಾದರೂ ಕೇಳಿದ್ದು ಅದೊಂದೇ ಸಲ ಇರಬೇಕು, ಅವರು ಆ ಕ್ಷಣವೇ ಕೊಟ್ಟುಬಿಟ್ಟರು. ಎಂಟು ತಿಂಗಳ ಭಾನುವಾರಗಳೆಲ್ಲ ಅದಕ್ಕೇ ಹೋದವು. ಮುಂದೊಂದು ಚಕ್ರ, ಹಿಂದೆರಡು. ಬಸ್ಸಿನ ಹಳೆಯ ಸೀಟು, ಅದಕ್ಕೆ ಒರಗು ಹಲಗೆ, ಬೀಳದಂತೆ ಎರಡು ಕಡೆ ಕಂಬಿ, ಮೇಲೊಂದು ಟಾರ್ಪಾಲಿನ ಮುಚ್ಚಿಗೆ. ಸೀಟು ಇಬ್ಬರು ಆರಾಮಾಗಿ ಕೂರುವಷ್ಟು ಅಗಲವಿತ್ತು, ಬಸ್ಸಿನದಲ್ಲವೇ. ಹಗ್ಗ ಎಳೆದರೆ ಇಂಜಿನ್ ಹತ್ತಿಕೊಳ್ಳುತ್ತಿತ್ತು. ವೇಗ, ಗೇರು, ಬ್ರೇಕು ಎಲ್ಲವೂ ಕೈಯಲ್ಲಿ.

ಹದಿನೈದು ತುಂಬಿದ ರತ್ನಿ ಮೊದಲ ದಿನ ಅದನ್ನು ಊರ ಬಾಗಿಲಿನಿಂದ ಹನೂರು ರಸ್ತೆಗೆ ತಂದಳು. ಪಕ್ಕದಲ್ಲಿ ಅಪ್ಪ ಸೈಕಲ್ಲಿನಲ್ಲಿ. ಅವಳು ಅವತ್ತು ಜೋರಾಗಿ ನಕ್ಕಳು, ಸುಮ್ಮನೆ, ಯಾತಕ್ಕೂ ಅಲ್ಲದೆ. ಪಕ್ಕದ ಮನೆಯ ಶಿವಮಲ್ಲಪ್ಪ ರಸ್ತೆ ಬದಿಗೆ ನಿಂತು ಕೂಗಿದ.

"ಲೇ ನಂಜಪ್ಪ, ನಿನ್ ಮಗಳು ಬತ್ತಾವ್ಳೆ ಅಂದ್ರೆ ನಮ್ ಎಮ್ಮೆ ಆಲು ಇಳ್ಸಕಿಲ್ಲ ಅಂತದೆ ಕಣ್ಲಾ. ಏನ್ ಸದ್ದ್ಲಾ ಅದು."

"ನಿನ್ ಎಮ್ಮೆಗೆ ಅತ್ತಿ ಇಡು ಕಿವಿಗೆ," ಎಂದ ಕೆಂಪನಂಜಪ್ಪ. ಅವನೂ ನಗುತ್ತಿದ್ದ.

ಹೀಗೆ ಅವಳು ಕೊಳ್ಳೇಗಾಲದ ಹೈಸ್ಕೂಲು ಸೇರಿದಳು. ಆರು ತಿಂಗಳು ಯಾರೂ ಏನೂ ಕೇಳಲಿಲ್ಲ. ಆಮೇಲೆ ಒಂದು ದಿನ ಮೋಟಾರ್ ಇನ್‌ಸ್ಪೆಕ್ಟರು ಪೇಟೆ ಬೀದಿಯಲ್ಲಿ ಕೈ ಅಡ್ಡ ಹಿಡಿದರು. ಆಗ ಕೊಳ್ಳೇಗಾಲ ಮದ್ರಾಸಿನವರ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಅಧಿಕಾರಿಗಳೆಲ್ಲ ಅಲ್ಲಿಂದ ಬರುತ್ತಿದ್ದರು. ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಅವರು ಹೇಳಿದ್ದಿಷ್ಟು. ಇಂಜಿನ್ ಇರುವ ಗಾಡಿ ರಸ್ತೆಗೆ ಇಳಿಯಬೇಕಾದರೆ ಪರೀಕ್ಷೆಯಾಗಬೇಕು, ನಂಬರು ಬೀಳಬೇಕು. ಪರೀಕ್ಷೆಯಲ್ಲಿ ಕೈಯ ಬ್ರೇಕೂ ಕಾಲಿನ ಬ್ರೇಕೂ ಎರಡೂ ಇರಬೇಕು. ಶೆಡ್ಡಿನಿಂದ ಓಡಿಬಂದ ಕೆಂಪನಂಜಪ್ಪನನ್ನು ಅವರು ಕಾಲಿನ ಬ್ರೇಕು ಎಲ್ಲಿ ಎಂದು ಕೇಳಿದರು.

"ತುಳಿಯೋ ಕಾಲೇ ಇಲ್ವಲ್ಲ ಸಾ," ಎಂದ ಅವನು.

ಇನ್‌ಸ್ಪೆಕ್ಟರು ಆಗಷ್ಟೇ ಹುಡುಗಿಯ ಮಡಿಲ ಮೇಲಿದ್ದ ಕಂಬಳಿಯ ಕಡೆ ನೋಡಿದ್ದು. ಕೆಟ್ಟವರಲ್ಲ ಅವರು. ಪರೀಕ್ಷೆಗೆ ನಿಲ್ಲಿಸಿದರೆ ಈ ಗಾಡಿ ಖಂಡಿತ ಪಾಸಾಗುವುದಿಲ್ಲ, ಆದರೆ ಅಂಗವಿಲ್ಲದವರ ಗಾಡಿಗೆ ಪರೀಕ್ಷೆಯಿಂದ ವಿನಾಯಿತಿ ಕೇಳಬಹುದು, ಕೊಯಮತ್ತೂರಿನ ಆಫೀಸಿಗೆ ಡಾಕ್ಟರ ಕಾಗದ ತೆಗೆದುಕೊಂಡು ಮಗಳ ಸಮೇತ ಹೋಗು ಎಂದು ದಾರಿ ತೋರಿಸಿದರು. ಅಲ್ಲಿಯವರೆಗೆ ಗಾಡಿ ಮನೆಯಲ್ಲೇ ನಿಲ್ಲಬೇಕು. ಯಳಂದೂರು ಮೈಸೂರು ಸೀಮೆ, ಅಲ್ಲಿ ಯಾರೂ ಕೇಳುವುದಿಲ್ಲ, ಅಲ್ಲಿನ ನಂಟರ ಹೆಸರಿನಲ್ಲಿ ಇಟ್ಟುಬಿಡು ಎಂದು ಶಿವಮಲ್ಲಪ್ಪ ಬುದ್ಧಿ ಹೇಳಿದ. ಕೆಂಪನಂಜಪ್ಪನಿಗೆ ಅಂಥ ದಾರಿಗಳು ಹಿಡಿಸುತ್ತಿರಲಿಲ್ಲ. ಹಿಡಿಸಿದ್ದರೆ ಎಷ್ಟು ಚೆನ್ನಾಗಿತ್ತು.

ಅಪ್ಪ ಮಗಳು ದಿಂಬಂ ಘಾಟಿ ಇಳಿದು ಸತ್ಯಮಂಗಲದ ಮೇಲೆ ಕೊಯಮತ್ತೂರಿಗೆ ಹೋದರು. ಆಫೀಸಿನ ಮೆಟ್ಟಿಲುಗಳನ್ನು ಅವನು ಮಗಳನ್ನು ಎತ್ತಿಕೊಂಡೇ ಹತ್ತಿದ. ದೊಡ್ಡ ಸಾಹೇಬರಿಗೆ ಕನ್ನಡ ಬಾರದು. ತಾಳವಾಡಿ ಕಡೆಯ ಜವಾನನೊಬ್ಬ ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ಮುಟ್ಟಿಸುತ್ತಿದ್ದ. ಅಂಗವಿಲ್ಲದವರ ಹೆಸರು ಹೇಳಿ ವಿನಾಯಿತಿ ಪಡೆದು ಆಮೇಲೆ ಬಾಡಿಗೆಗೆ ಜನ ತುಂಬುವವರಿದ್ದಾರೆ ಎಂದು ಸಾಹೇಬರಿಗೆ ಅನುಮಾನ. ಈ ಗಾಡಿಯಲ್ಲಿ ಮಗಳ ಹೊರತು ಬೇರೆ ಯಾರೂ ಕೂರುವುದಿಲ್ಲ ಎಂದು ಪ್ರಮಾಣ ಮಾಡಿ ರುಜು ಹಾಕಲಿ ಎಂದರು. ಅವರಿಗೆ ಬೇಕಾಗಿದ್ದದ್ದು ಛಾಪಾ ಕಾಗದದ ಕೆಳಗೆ ಒಂದು ರುಜು. ದಿನಕ್ಕೆ ಇಪ್ಪತ್ತು ಜನ ಹಾಕಿ ಹೋಗುವಂಥದ್ದು.

ಆದರೆ ಕೆಂಪನಂಜಪ್ಪನ ಕಡೆ ಪ್ರಮಾಣ ಎಂದರೆ ರುಜುವಲ್ಲ. ಅವನು ಚಪ್ಪಲಿ ಬಿಟ್ಟ. ಕೊರಳಿನ ಕರಡಿಗೆ ಬಿಚ್ಚಿ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡ. ಅವನ ಸೀಮೆಯಲ್ಲಿ ಆಣೆ ಇಡುವವನು ತನಗೆ ಎಲ್ಲಕ್ಕಿಂತ ಪ್ರಿಯವಾದದ್ದನ್ನು ಮುಂದಿಡಬೇಕು, ಇಲ್ಲದಿದ್ದರೆ ಅದನ್ನು ಯಾರೂ ಆಣೆಯೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

"ಮಾದಪ್ಪನ ಆಣೆ, ಅಂಗೈ ಮೇಲಿರೋ ಲಿಂಗದ ಆಣೆ ಸಾ. ಈ ಗಾಡೀಲಿ ನನ್ ಮಗಳು ಬಿಟ್ಟು ಇನ್ನೊಬ್ರು ಕೂತ್ರೆ, ನಾನೇ ಕೂತ್ರೂ ಸೈಯೆ, ಇವಳಿಗೆ ಉಳ್ದಿರೋ ಎರಡು ಕೈಯೂ ಬಿದ್ದೋಗ್ಲಿ."

ಬೆಂಚಿನ ಮೇಲೆ ಕುಳಿತಿದ್ದ ರತ್ನಿ ಕೈಗಳನ್ನು ಸೆರಗಿನೊಳಕ್ಕೆ ಎಳೆದುಕೊಂಡಳು. ಏನು ಹೇಳಿದ ಎಂದು ಸಾಹೇಬರು ಕೇಳಿದಾಗ ಜವಾನ, ಒಪ್ಪಿದ್ದಾನೆ ಎಂದಷ್ಟೇ ತಮಿಳಿನಲ್ಲಿ ಹೇಳಿದ. ಕಾಗದಕ್ಕೆ ಮುದ್ರೆ ಬಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಆ ಕಾಗದವನ್ನು ಎದೆಯ ಮೇಲಿಟ್ಟುಕೊಂಡು ಮಗುವಿನ ಹಾಗೆ ನಿದ್ದೆ ಮಾಡಿದ. ರತ್ನಿಗೆ ನಿದ್ದೆ ಬರಲಿಲ್ಲ. ನನ್ನ ಕೈಯನ್ನೇಕೆ ಆಣೆಗೆ ಇಟ್ಟೆ ಅಪ್ಪ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅವನ ಹತ್ತಿರ ಅವಳಿಗಿಂತ ಹೆಚ್ಚಿನದು ಬೇರೇನಿತ್ತು?

ಅಲ್ಲಿಂದ ಮುಂದೆ ನಾಲ್ಕು ವರ್ಷ ಆ ಸೀಟಿನ ಅರ್ಧ ಭಾಗ ಖಾಲಿಯಾಗಿಯೇ ಓಡಾಡಿತು. ಮಳೆ ಬಂದಾಗ ರತ್ನಿ ಟಾರ್ಪಾಲಿನ ಕೆಳಗೆ ಬೆಚ್ಚಗೆ ಕುಳಿತಿರುತ್ತಿದ್ದಳು, ಪಕ್ಕದಲ್ಲಿ ಅಪ್ಪ ತೊಯ್ದು ತೊಪ್ಪೆಯಾಗಿ ಸೈಕಲ್ ತುಳಿಯುತ್ತಿದ್ದ. ಸಂತೆಯಿಂದ ತಲೆಯ ಮೇಲೆ ಗಂಟು ಹೊತ್ತು ಬರುವ ಅವ್ವನನ್ನು ಕಂಡರೆ ಅವಳು ವೇಗ ಇಳಿಸಿ ಅವ್ವನ ಹೆಜ್ಜೆಗೆ ಸರಿಯಾಗಿ ಗಾಡಿ ಓಡಿಸುತ್ತಿದ್ದಳು. ಗಂಟನ್ನಾದರೂ ಇಡವ್ವ ಎಂದರೆ ದೊಡ್ಡಬಸಮ್ಮ ಅದನ್ನೂ ಇಡಳು. ರಾಗಿಗೂ ಆಣೆ ಅಂಟುತ್ತದೋ ಇಲ್ಲವೋ ಯಾರಿಗೆ ಗೊತ್ತು ಎಂಬುದು ಅವಳ ಅಳುಕು. ಊರ ಮಕ್ಕಳೂ ಹತ್ತಿರ ಬಂದು ಮುಟ್ಟಿ ಓಡುತ್ತಿದ್ದರೇ ಹೊರತು ಹತ್ತುತ್ತಿರಲಿಲ್ಲ, ತಾಯಂದಿರು ಹೆದರಿಸಿದ್ದರು. ರತ್ನಿ ಅಕ್ಕನ ಕೈ ಬಿದ್ದು ಹೋಗ್ತದೆ ಎಂದರೆ ಎಂಥ ತುಂಟನೂ ಹಿಂದೆ ಸರಿಯುತ್ತಿದ್ದ.

ಸುಖವಿರಲಿಲ್ಲ ಎಂದಲ್ಲ. ಅವಳು ಹೈಸ್ಕೂಲು ಮುಗಿಸಿದಳು, ಟೀಚರ್ ಟ್ರೈನಿಂಗ್ ಮುಗಿಸಿದಳು. ಐವತ್ತಮೂರನೆಯ ಇಸವಿಯ ಜೂನ್ ತಿಂಗಳಲ್ಲಿ ಕೊಳ್ಳೇಗಾಲದ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸಕ್ಕೆ ಸೇರಿದಳು. ಕುರ್ಚಿಯಲ್ಲಿ ಕುಳಿತು ಬರೆಯಲು ಎಟುಕುವ ಹಾಗೆ ಹೆಡ್‌ಮಿಸ್ಟ್ರೆಸ್ಸು ಬೋರ್ಡನ್ನು ಕೆಳಗಿಳಿಸಿ ಹೊಡೆಸಿಕೊಟ್ಟರು. ಮೊದಲ ದಿನ ಕೆಂಪನಂಜಪ್ಪ ಶೆಡ್ಡಿಗೆ ಹೋಗದೆ ಶಾಲೆಯ ಕಿಟಕಿಯ ಹೊರಗೆ ನಿಂತು, ಮಗಳು ಬರೆಯುವುದನ್ನು ನೋಡಿದ. ಅವನಿಗೆ ಓದು ಬಾರದು. ಅಕ್ಷರ ದುಂಡಗವೆ ಎಂದು ಮನೆಯಲ್ಲಿ ಹೆಂಡತಿಗೆ ವರದಿ ಒಪ್ಪಿಸಿದ.

ಒಂದೂವರೆ ತಿಂಗಳಾಯಿತು. ಆಗಸ್ಟಿನ ಒಂದು ಬೆಳಗ್ಗೆ ಏಳು ಗಂಟೆಗೆ ಅವನು ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದಾಗ ನಾಗರ ಕಚ್ಚಿತು. ಬಲಗಾಲಿನ ಹಿಮ್ಮಡಿಯ ಮೇಲೆ. ಶಿವಮಲ್ಲಪ್ಪ ಅವನನ್ನು ಬೆನ್ನ ಮೇಲೆ ಹಾಕಿಕೊಂಡು ಮನೆಯ ಮುಂದೆ ತಂದಿಳಿಸಿದ. ಕಾಲಿಗೆ ಹಗ್ಗ ಬಿಗಿದಿದ್ದರು. ಮಂತ್ರ ಹಾಕುವವರನ್ನು ಕರೆಯಲು ಯಾರೋ ಓಡುತ್ತಿದ್ದರೆ ಕೆಂಪನಂಜಪ್ಪನೇ ತಡೆದ, ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಸೂಜಿ ಮದ್ದಿದೆ, ಅಲ್ಲಿಗೇ ಹೋಗಬೇಕು ಎಂದ. ಹನೂರಿನ ಕಡೆಯಿಂದ ಬರುವ ಬಸ್ಸು ಒಂಬತ್ತಕ್ಕೆ. ಸೈಕಲ್ಲಿನ ಹಿಂದೆ ಕೂರಿಸೋಣವೆಂದರೆ ಆಗಲೇ ರೆಪ್ಪೆ ಇಳಿಯುತ್ತಿತ್ತು, ಕುಳಿತಲ್ಲೇ ವಾಲುತ್ತಿದ್ದ.

ಶಾಲೆಗೆ ಹೊರಟು ರತ್ನಿ ಗಾಡಿಯಲ್ಲಿ ಕುಳಿತಿದ್ದಳು. ಇಂಜಿನ್ ಓಡುತ್ತಿತ್ತು. ಪಕ್ಕದಲ್ಲಿ ಖಾಲಿ ಸೀಟು, ಒರಗು ಹಲಗೆ, ಹಿಡಿಯಲು ಕಂಬಿ. ಇಪ್ಪತ್ತು ನಿಮಿಷದ ದಾರಿ.

"ಅತ್ತು ಅಪ್ಪ," ಎಂದಳು.

"ಬ್ಯಾಡ ಮಗ."

"ಅತ್ತು ಅಂದೆ ಕಣಪ್ಪ. ಮಾವ, ಎತ್ತಿ ಕೂರ್ಸಿ."

ಶಿವಮಲ್ಲಪ್ಪ ಬಗ್ಗಿದ. ಕೆಂಪನಂಜಪ್ಪ ಅವನ ಕೈ ಹಿಡಿದುಕೊಂಡ. ನಾಲಿಗೆ ದಪ್ಪವಾಗಿತ್ತು, ಮಾತು ಮಾತ್ರ ಸ್ಪಷ್ಟವಾಗಿಯೇ ಬಂತು.

"ಲಿಂಗ ಹಿಡ್ದು ಹೇಳಿವ್ನಿ ಕಣ್ಲಾ ಮಲ್ಲ. ಅವಳ ಕೈ ತೆಗೀಬ್ಯಾಡ. ನಿನ್ ಎತ್ತಿನ ಗಾಡಿ ಕಟ್ಟು. ಮಗ, ನೀನು ಮುಂದಕ್ಕೋಗಿ ಡಾಕ್ಟ್ರಿಗೆ ಹೇಳು, ಮದ್ದು ತಯಾರಾಗಿಟ್ಟಿರ್ಲಿ. ನಾನು ಇಂದ್ಗಡೆಯೇ ಬತ್ತೀನಿ."

ಎಲ್ಲರೂ ದೊಡ್ಡಬಸಮ್ಮನ ಕಡೆ ನೋಡಿದರು. ಅವಳು ಹೂಂ ಎಂದಿದ್ದರೆ ನಾಲ್ಕು ಜನ ಸೇರಿ ಅವನನ್ನು ಎತ್ತಿ ಹಾಕುತ್ತಿದ್ದರು. ಅವಳು ಗಂಡನ ಕಾಲನ್ನು ನೋಡಿದಳು. ಆಮೇಲೆ ಹಿಡಿಕೆಯ ಮೇಲಿದ್ದ ಮಗಳ ಕೈಗಳನ್ನು ನೋಡಿದಳು. ಬಾಯಿಗೆ ಸೆರಗು ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟಳು. ಅವಳನ್ನು ಯಾವ ಬಾಯಿಯಿಂದ ಬಯ್ಯುವುದು?

ರತ್ನಿ ಎರಡು ಸಲ ಹತ್ತು ಎಂದಿದ್ದಳು. ಮೂರನೆಯ ಸಲ ಹೇಳಲಿಲ್ಲ. ಇದನ್ನು ಅವಳು ಮುಂದೆ ಯಾರಿಗೂ ಹೇಳಿಕೊಳ್ಳಲಿಲ್ಲ, ಆದರೆ ತನಗೆ ತಾನು ಸುಳ್ಳು ಹೇಳಿಕೊಳ್ಳುವುದೂ ಅವಳಿಂದ ಆಗಲಿಲ್ಲ. ಆ ಗಳಿಗೆಯಲ್ಲಿ ಅವಳಿಗೆ ಭಯವಾಗಿತ್ತು. ಅಪ್ಪನಿಗೇನಾಗುವುದೋ ಎಂಬ ಭಯವಷ್ಟೇ ಅಲ್ಲ. ಕಾಲು ಹೋದವಳಿಗೆ ಕೈಯೂ ಹೋದರೆ ಹೇಗಿರುತ್ತದೆ ಎಂಬುದು ಕಣ್ಣ ಮುಂದೆ ಬಂದು ಹೋಗಿತ್ತು. ಒಂದೇ ಕ್ಷಣ. ಅಷ್ಟರಲ್ಲಿ ಅಪ್ಪ ಓಗು ಓಗು ಎಂದು ಕೈ ಬೀಸಿದ, ಅವಳು ಹೊರಟುಬಿಟ್ಟಳು.

ಆಸ್ಪತ್ರೆಯ ಡಾಕ್ಟರು ಒಳ್ಳೆಯವರು. ಅವಳು ಬಾಗಿಲಲ್ಲಿ ಕೂಗಿದ ಕೂಡಲೇ ಸೂಜಿ ಕುದಿಸಲು ಇಡಿಸಿದರು, ಮದ್ದಿನ ಶೀಸೆ ತೆಗೆಸಿದರು, ಮಂಚ ಹಾಸಿಸಿದರು. ಎಂಟು ಗಂಟೆಗೆ ಎಲ್ಲವೂ ತಯಾರಾಗಿತ್ತು, ರೋಗಿಯೊಬ್ಬನನ್ನು ಬಿಟ್ಟು. ಎಂಟೂವರೆ ದಾಟಿದರೂ ಯಾರೂ ಬರದಿದ್ದಾಗ, ಎಲ್ಲಿ ನಿಮ್ಮ ತಂದೆ ಎಂದು ಅವರು ಹೊರಗೆ ಬಂದು ಕೇಳಿದರು. ಎತ್ತಿನ ಗಾಡಿಯಲ್ಲಿ ಬರುತ್ತಿದ್ದಾರೆ ಎಂದಳು. ಅವರು ಅವಳ ಗಾಡಿಯ ಕಡೆ ನೋಡಿದರು, ಸೀಟಿನ ಕಡೆ ನೋಡಿದರು.

"ಇದರಲ್ಲೇ ಕರೆದುಕೊಂಡು ಬರಬಹುದಾಗಿತ್ತಲ್ಲಮ್ಮ?"

"ನಾನೊಬ್ಬಳೇ ಕೂರ್ಬೇಕು ಸಾ ಇದರಲ್ಲಿ. ವಿನಾಯ್ತಿ ಗಾಡಿ ಇದು."

ಡಾಕ್ಟರಿಗೆ ಅರ್ಥವಾಗಲಿಲ್ಲ. ಇಂಥ ಹೊತ್ತಿನಲ್ಲಿ ಯಾವ ಪೊಲೀಸಿನವನು ಹಿಡಿಯುತ್ತಾನೆ, ಯಾವ ಇನ್‌ಸ್ಪೆಕ್ಟರು ಕೇಳುತ್ತಾರೆ ಎಂದು ಸಿಟ್ಟಿನಿಂದಲೇ ಹೇಳಿದರು. ಆಣೆಯ ವಿಷಯವನ್ನು ಅವರಿಗೆ ಹೇಗೆ ಬಿಡಿಸಿ ಹೇಳುವುದೆಂದು ಅವಳಿಗೆ ತೋಚಲಿಲ್ಲ. ಅವರು ಹೇಳಿದ್ದು ಕೇಳಿದ ಮೇಲೆ, ಗಾಡಿ ತಿರುಗಿಸಿ ವಾಪಸು ಹೋಗಿ ದಾರಿಯಲ್ಲೇ ಅಪ್ಪನನ್ನು ಎತ್ತಿ ಹಾಕಿಕೊಂಡು ಬರಬೇಕೆಂದು ಇಂಜಿನ್ನಿನ ಹಗ್ಗಕ್ಕೆ ಕೈ ಹಾಕಿದಳು. ಆ ಹೊತ್ತಿಗೆ ಎಂಟೂಮುಕ್ಕಾಲು. ಕೊಳ್ಳೇಗಾಲದಾಚೆಯ ಸೇತುವೆ ಹತ್ತಿರ ಶಿವಮಲ್ಲಪ್ಪನ ಗಾಡಿ ಎದುರಾಯಿತು. ಎತ್ತುಗಳ ಬಾಯಲ್ಲಿ ನೊರೆ ಬರುತ್ತಿತ್ತು, ಓಡಿಸಿಕೊಂಡೇ ಬಂದಿದ್ದ ಪಾಪ. ದೊಡ್ಡಬಸಮ್ಮ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಅವಳು ಅಳುತ್ತಿರಲಿಲ್ಲ, ಬಾಯಿ ತೆರೆದುಕೊಂಡು ಮಗಳನ್ನು ನೋಡಿದಳು. ಉಸಿರು ನಿಂತು ಎಷ್ಟು ಹೊತ್ತಾಗಿತ್ತೋ ಯಾರಿಗೂ ಗೊತ್ತಾಗಿರಲಿಲ್ಲ.

ಆದರೂ ಆಸ್ಪತ್ರೆಗೆ ಒಯ್ದರು. ಡಾಕ್ಟರು ಕಿವಿಗೆ ಕೊಳವೆ ಹಾಕಿಕೊಂಡು ತುಂಬ ಹೊತ್ತು ಆಲಿಸಿದರು. ಎಂಟು ಗಂಟೆಗೆ ಸಿಕ್ಕಿದ್ದರೆ ಎಂದು ಶುರು ಮಾಡಿ, ಹುಡುಗಿಯ ಮುಖ ನೋಡಿ, ಮಾತನ್ನು ಅಲ್ಲಿಗೇ ಬಿಟ್ಟರು.

ಹನ್ನೊಂದು ಗಂಟೆಗೆ ಹೆಣವನ್ನು ಊರಿಗೆ ತರಲು ಹೊರಟಾಗ ಶಿವಮಲ್ಲಪ್ಪ ಎತ್ತುಗಳನ್ನು ಕಟ್ಟುತ್ತಿದ್ದ. ರತ್ನಿ ಗಾಡಿಯಲ್ಲಿ ಕುಳಿತೇ ಹೇಳಿದಳು.

"ಅಪ್ಪನ್ನ ನನ್ ಪಕ್ಕ ಕೂರ್ಸಿ ಮಾವ."

"ಏನವ್ವ ಇಂಗಂತೀಯೆ. ಅದಕ್ಕೇ ಅಲ್ವ ಅವನು ಪ್ರಾಣ ಬಿಟ್ಟಿದ್ದು. ಆಣೆ ಅದೆ ಕಣವ್ವ, ನಿನ್ ಕೈಗೆ ತಟ್ತದೆ."

"ತಟ್ಲಿ. ಕೂರ್ಸಿ."

ಅವಳ ದನಿ ಕೇಳಿ ಶಿವಮಲ್ಲಪ್ಪ ಎತ್ತುಗಳ ಹಗ್ಗ ಬಿಟ್ಟು ಬಂದ. ಅವರ ಜನ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವುದು, ಕೂರಿಸಿ ಗೊತ್ತಿತ್ತು ಅವನಿಗೆ. ಒರಗು ಹಲಗೆಗೆ ಒರಗಿಸಿ ತನ್ನ ಹೆಗಲ ಮೇಲಿನ ವಲ್ಲಿಯಿಂದ ಕಂಬಿಗೆ ಕಟ್ಟಿದ. ಆ ಗಾಡಿ ಮಾಡಿದವನು ಮೊದಲ ಸಲ ಅದರಲ್ಲಿ ಕುಳಿತ. ಮೂರೂವರೆ ಮೈಲಿ ಅವಳು ನಿಧಾನವಾಗಿ ಓಡಿಸಿಕೊಂಡು ಬಂದಳು. ತಿರುವುಗಳಲ್ಲಿ ಅಪ್ಪನ ಭುಜ ಅವಳ ಭುಜಕ್ಕೆ ತಗಲುತ್ತಿತ್ತು. ರಸ್ತೆಯಲ್ಲಿ ಎದುರಾದವರು ಚಪ್ಪಲಿ ಬಿಟ್ಟು ಬದಿಗೆ ನಿಂತರು.

ಮರುದಿನ ಬೆಳಗ್ಗೆ ಕಣ್ಣು ಬಿಟ್ಟವಳೇ ರತ್ನಿ ಬೆರಳು ಮಡಚಿ ನೋಡಿದಳು. ಮಡಚಿದವು. ಹನ್ನೊಂದನೆಯ ದಿನದ ಕಾರ್ಯ ಮುಗಿಯಿತು. ನೆಂಟರೆಲ್ಲ ಅವಳ ಕೈಗಳನ್ನೇ ಕದ್ದು ನೋಡಿ ಹೋದರು. ಅವಳೂ ಕಾಯುತ್ತಿದ್ದಳು. ಕೈ ಜೋಮು ಹಿಡಿದರೆ ಬಂತು ಎಂದುಕೊಳ್ಳುತ್ತಿದ್ದಳು, ಉಜ್ಜಿದರೆ ಸರಿಹೋಗುತ್ತಿತ್ತು. ಚಳಿಗಾಲ ಬಂತು, ಹೋಯಿತು. ಶಾಲೆಗೆ ಹೋದಳು, ಬೋರ್ಡಿನ ಮೇಲೆ ಬರೆದಳು, ಅಕ್ಷರಗಳು ಹಿಂದಿನಷ್ಟೇ ದುಂಡಗೆ ಬಂದವು. ಒಂದು ವರ್ಷ ತುಂಬಿತು. ಕೈಗಳಿಗೆ ಏನೂ ಆಗಲಿಲ್ಲ. ಮಾದಪ್ಪ ದೊಡ್ಡ ಮನಸ್ಸು ಮಾಡಿದ, ಹೆಣ್ಣುಮಗಳ ತಪ್ಪು ಮನ್ನಿಸಿದ ಎಂದು ಊರಲ್ಲಿ ಮಾತಾಯಿತು. ದೊಡ್ಡಬಸಮ್ಮ ಬರಿಗಾಲಿನಲ್ಲಿ ಬೆಟ್ಟಕ್ಕೆ ಹೋಗಿ ಹರಕೆ ಒಪ್ಪಿಸಿ ಬಂದಳು.

ಹನ್ನೊಂದು ಗಂಟೆಗೆ ಮನ್ನಿಸಿದ ದೇವರು ಏಳು ಗಂಟೆಗೂ ಮನ್ನಿಸುತ್ತಿದ್ದನಲ್ಲ ಎಂದು ಮಾತ್ರ ಯಾರೂ ಹೇಳಲಿಲ್ಲ. ರತ್ನಿ ಅದನ್ನು ಬಿಟ್ಟು ಬೇರೇನನ್ನೂ ಯೋಚಿಸಲಾರದವಳಾಗಿದ್ದಳು.

ಬೆಟ್ಟದಿಂದ ಬಂದ ಸಂಜೆ ದೊಡ್ಡಬಸಮ್ಮ ಮಗಳ ಹಣೆಗೆ ವಿಭೂತಿ ಇಟ್ಟಳು. ಆಮೇಲೆ ಎರಡೂ ಕೈಗಳನ್ನು ತೆಗೆದುಕೊಂಡು ಒಂದೊಂದೇ ಬೆರಳಿಗೂ ಹಚ್ಚಿದಳು.

"ಉಳೀತಲ್ಲ ಮಗ," ಎಂದಳು. "ಅಷ್ಟು ಸಾಕು ನಂಗೆ."

"ಒಂದ್ ಬೆರಳಾದ್ರೂ ಓಗ್ಬಾರ್ದಿತ್ತ ಅವ್ವ," ಎಂದಳು ರತ್ನಿ. "ಒಂದೇ ಒಂದ್ ಬೆರಳು."

ಅಂದು ದೊಡ್ಡಬಸಮ್ಮ ಏಕೆ ಹೂಂ ಎನ್ನಲಿಲ್ಲ ಎಂಬುದು ತಾಯಿಗೂ ಮಗಳಿಗೂ ಇಬ್ಬರಿಗೂ ಗೊತ್ತಿತ್ತು. ಆ ಎರಡು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವಳು ಹಾಗೇ ಕುಳಿತಿದ್ದಳು, ಒಲೆ ಹಚ್ಚುವ ಹೊತ್ತು ಮೀರಿದ್ದೂ ತಿಳಿಯದೆ.